ಅರ್ಧ ಡಿಗ್ರಿ ಲೆಕ್ಕ: ಎದುರಿಂದ ಬರೋ ಲೈಟು ಯಾಕೆ ಕಣ್ಣು ಕುಕ್ಕುತ್ತೆ

ಹೋದ ದೀಪಾವಳಿ ಮುಗಿಸ್ಕೊಂಡು ಊರಿಂದ ಬೆಂಗಳೂರಿಗೆ ವಾಪಸ್ ಬರ್ತಿದ್ವಿ, ಹೊಳೆನರಸೀಪುರ ದಾಟಿ ಚನ್ನರಾಯಪಟ್ಟಣದ ಕಡೆ, ರಾತ್ರಿ ಎಂಟೂವರೆ ಇರ್ಬೇಕು. ಎದುರಿಂದ ಬರೋ ಒಂದೊಂದು ಗಾಡಿನೂ ನಂಗೆ ಪಕ್ ಪಕ್ ಅಂತ ಲೈಟ್ ಹೊಡ್ಕೊಂಡೇ ಹೋಗ್ತಿತ್ತು. ನಾನು ಡಿಮ್‌ನಲ್ಲೇ ಇದೀನಿ, ಮೀಟರ್ ನೋಡಿದ್ರೆ ಅಪ್ಪರ್‌ನ ನೀಲಿ ದೀಪ ಹತ್ತಿಲ್ಲ, ಮತ್ತೆ ಇವ್ರಿಗೆಲ್ಲ ಏನ್ ಕಷ್ಟ ಅಂತ ಬೈಕೊಂಡೆ. ಒಬ್ಬ ಲಾರಿಯವನಂತೂ ಫುಲ್ ಅಪ್ಪರ್ ಹಾಕಿ ಹತ್ರ ಬರೋವರೆಗೂ ಇಳಿಸ್ಲೇ ಇಲ್ಲ, ಕಣ್ಣು ಕತ್ತಲೆ ಬಂದು ಒಂದು ಹಂಪ್ ಕಾಣ್ದೆ ಗಾಡಿ ಎಗರಿ ಹಿಂದೆ ಕೂತಿದ್ದ ಅಮ್ಮನ ತಲೆ ಟಾಪ್‌ಗೆ ಬಡೀತು. ಆಮೇಲೆ ಟೀಗೆ ನಿಲ್ಸಿದಾಗ ಪಕ್ಕದಲ್ಲಿ ಟೀ ಕುಡೀತಿದ್ದ ಇನ್ನೊಬ್ಬ ಲಾರಿ ಡ್ರೈವರ್ ನಮ್ ಕಾರನ್ನೇ ನೋಡ್ತಾ ಇದ್ದು ಕೇಳಿದ್ರು, "ಸಾರ್, ನಿಮ್ ಗಾಡಿ ಮೂತಿ ಆಕಾಶ ನೋಡ್ತೈತಲ್ಲ, ಡಿಕ್ಕೀಲಿ ಏನ್ ತುಂಬ್ಕೊಂಡಿದೀರಿ?"

ಡಿಕ್ಕೀಲಿ ಎರಡು ಮೂಟೆ ಅಕ್ಕಿ, ಒಂದು ಚೀಲ ತೆಂಗಿನಕಾಯಿ, ಬಟ್ಟೆ ಬ್ಯಾಗುಗಳು. ಹಿಂದಿನ ಸೀಟಲ್ಲಿ ಮೂರು ಜನ. ಅವತ್ತು ಆ ರಸ್ತೇಲಿ ಎಲ್ರ ಕಣ್ಣು ಕುಕ್ಕಿದ್ದು ನಾನೇ. ಲಾರಿಯವನು ಅಪ್ಪರ್ ಹಾಕಿದ್ದು ನಂಗೆ ಬುದ್ಧಿ ಕಲ್ಸೋಕೆ.

ಅವತ್ತಿಂದ ಈ ವಿಷ್ಯ ಓದ್ತಾ ಹೋದೆ. ನಾವೆಲ್ಲ ಅನ್ಕೊಂಡಿರೋದು ಏನಂದ್ರೆ, ಈಗಿನ ಗಾಡಿ ಲೈಟೆಲ್ಲ ತುಂಬಾ ಪವರ್‌ಫುಲ್, ಅದಕ್ಕೇ ಕಣ್ಣು ಕುಕ್ಕುತ್ತೆ ಅಂತ. ಅದು ಪೂರ್ತಿ ಸುಳ್ಳಲ್ಲ, ಆದ್ರೆ ಪವರ್‌ಗಿಂತ ದೊಡ್ಡ ವಿಷ್ಯ ಕೋನ. ಅದೂ ಎಷ್ಟು? ಬರೀ ಅರ್ಧ ಡಿಗ್ರಿ.

ಡಿಮ್ ಲೈಟ್ ಅಂದ್ರೆ ಕಮ್ಮಿ ಬೆಳಕು ಅನ್ನೋದು ನಾವು ಮಾಡೋ ಮೊದಲ್ನೇ ತಪ್ಪು. ಸಾಮಾನ್ಯ ಎಚ್4 ಹ್ಯಾಲೊಜೆನ್ ಬಲ್ಬು ತಗೊಳ್ಳಿ, ನಮ್ಮಲ್ಲಿ ಎಷ್ಟೋ ಕಾರಿಗೆ ಇರೋದು ಅದೇ, ಅಪ್ಪರ್ 60 ವ್ಯಾಟ್, ಡಿಮ್ 55 ವ್ಯಾಟ್. ಐದು ವ್ಯಾಟ್ ವ್ಯತ್ಯಾಸ ಅಷ್ಟೇ! ಮತ್ತೆ ಡಿಮ್ ಹೆಂಗೆ ಡಿಮ್ ಆಗುತ್ತೆ ಅಂದ್ರೆ, ಆ ಬಲ್ಬೊಳಗೆ ಎರಡು ಫಿಲಮೆಂಟ್, ಅಂದ್ರೆ ಕಾದು ಬೆಳಗೋ ಸಣ್ಣ ತಂತಿ ಇರುತ್ತೆ, ಡಿಮ್ ಫಿಲಮೆಂಟ್ ಕೆಳಗೆ ಒಂದು ಪುಟಾಣಿ ಲೋಹದ ಬಟ್ಟಲು ಇರುತ್ತೆ, ಅದು ಕೆಳಕ್ಕೆ ಹೋಗೋ ಬೆಳಕನ್ನ ತಡೆಯುತ್ತೆ, ಹಂಗಾಗಿ ಬೆಳಕು ರಿಫ್ಲೆಕ್ಟರ್‌ನ ಮೇಲರ್ಧಕ್ಕೆ ಮಾತ್ರ ಬಿದ್ದು ಅಲ್ಲಿಂದ ರಸ್ತೆ ಕಡೆ, ಅಂದ್ರೆ ಕೆಳಮುಖವಾಗಿ ವಾಪಸ್ ಬರುತ್ತೆ. ಗೋಡೆ ಎದುರು ಡಿಮ್ ಹಾಕಿ ನಿಲ್ಸಿ ನೋಡಿದ್ರೆ ಒಂದು ಅಡ್ಡ ಗೆರೆ ಕಾಣುತ್ತೆ, ಗೆರೆ ಕೆಳಗೆ ಬೆಳಕು, ಮೇಲೆ ಕತ್ತಲೆ. ನಮ್ದು ಎಡಕ್ಕೆ ಓಡ್ಸೋ ದೇಶ ಆದ್ರಿಂದ ಆ ಗೆರೆ ಬಲಗಡೆ ಸಮ ಇದ್ದು ಎಡಗಡೆ ಸ್ವಲ್ಪ ಮೇಲೇಳುತ್ತೆ, ಎಡಬದಿಯ ಬೋರ್ಡು, ಸೈಕಲ್ಲು, ನಡ್ಕೊಂಡು ಹೋಗೋರು ಕಾಣ್ಲಿ ಅಂತ, ಎದುರಿಂದ ಬರೋನ ಕಣ್ಣಿಗೆ ಬೀಳ್ದೇ ಇರ್ಲಿ ಅಂತ. ಡಿಮ್ ಲೈಟಿನ ಜಾಣತನ ಎಲ್ಲ ಇರೋದು ಈ ಗೆರೇಲಿ. ಗೆರೆ ಕೆಳಗೆ ಎಷ್ಟೇ ಬೆಳಕಿದ್ರೂ ಎದುರಿನವನಿಗೆ ಅಷ್ಟಾಗಿ ತೊಂದ್ರೆ ಇಲ್ಲ, ಗೆರೆ ಮೇಲಕ್ಕೆ ಹೋದ್ರೆ ಅದೇ ಡಿಮ್ಮು ಅವನ ಪಾಲಿಗೆ ಅಪ್ಪರ್ರೇ.

ಈಗ ಲೆಕ್ಕ. ಸಾಮಾನ್ಯವಾಗಿ ಕಾರಿನ ಡಿಮ್ ಲೈಟ್ ಸೆಟ್ ಮಾಡೋದು ಶೇಕಡಾ 1ರ ಇಳಿಜಾರಿಗೆ, ಅಂದ್ರೆ 10 ಮೀಟರ್ ಮುಂದೆ ಹೋಗೋಷ್ಟರಲ್ಲಿ ಆ ಗೆರೆ 10 ಸೆಂಟಿಮೀಟರ್ ಕೆಳಗೆ ಇಳಿದಿರ್ಬೇಕು. ಕೋನದಲ್ಲಿ ಹೇಳೋದಾದ್ರೆ 0.57 ಡಿಗ್ರಿ. ಲೈಟು ನೆಲದಿಂದ 65 ಸೆಂಟಿಮೀಟರ್ ಎತ್ತರ ಇದ್ರೆ 65 ಮೀಟರ್ ದೂರದಲ್ಲಿ ಗೆರೆ ನೆಲ ಮುಟ್ಟುತ್ತೆ. ಇದಕ್ಕಿಂತ ಕೆಳಗಿಟ್ರೆ ನಿಮಗೆ ರಸ್ತೆ ಕಾಣಲ್ಲ, ಮೇಲಿಟ್ರೆ ಎದುರಿನವನಿಗೆ ಕಾಣಲ್ಲ. ಇಬ್ರ ಮಧ್ಯೆ ಇರೋ ಬೇಲಿ ಅಂದ್ರೆ ಈ ಅರ್ಧ ಡಿಗ್ರಿ ಚಿಲ್ಲರೆ.

ಈ ಬೇಲಿ ಹಾರೋಕೆ ಏನು ಬೇಕು? ಒಂದು ಸಣ್ಣ ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಸುಮಾರು ಎರಡೂವರೆ ಮೀಟರ್ ಇರುತ್ತೆ. ಅದರ ಶೇಕಡಾ 1 ಅಂದ್ರೆ ಎರಡೂವರೆ ಸೆಂಟಿಮೀಟರ್. ಅಂದ್ರೆ ಮುಂಭಾಗಕ್ಕಿಂತ ಹಿಂಭಾಗ ಬರೀ ಒಂದು ಇಂಚು ಹೆಚ್ಚಿಗೆ ಕೂತ್ರೆ ಸಾಕು, ಇಳಿಜಾರೆಲ್ಲ ಮುಗೀತು, ಲೈಟು ನೆಟ್ಟಗೆ ಆಗೋಯ್ತು. ಎರಡಿಂಚು ಕೂತ್ರೆ ಮೇಲಕ್ಕೇ ಹೊಡಿಯೋಕೆ ಶುರು. ಎರಡು ಮೂಟೆ ಅಕ್ಕಿ, ಮೂರು ಜನ ಅಂದ್ರೆ ಒಂದಿಂಚೇನು, ಅದಕ್ಕಿಂತ ಜಾಸ್ತೀನೇ ಕೂರುತ್ತೆ. ಬೈಕ್ ಕಥೆ ಇನ್ನೂ ಕೆಟ್ಟದ್ದು, ಚಕ್ರಗಳ ನಡುವಿನ ಅಂತರ ಕಾರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಹಿಂದೆ ಇಬ್ರು ಕೂತ್ಬಿಟ್ರೆ ಲೈಟು ರಸ್ತೆ ಬಿಟ್ಟು ತೆಂಗಿನ ಮರದ ಸುಳಿ ನೋಡ್ಕೊಂಡು ಹೋಗ್ತಿರುತ್ತೆ.

ಅದಕ್ಕೇ ಬಹಳಷ್ಟು ಕಾರಲ್ಲಿ ಸ್ಟೇರಿಂಗ್ ಬಲಕ್ಕೆ, ಡ್ಯಾಶ್‌ಬೋರ್ಡಲ್ಲಿ ಒಂದು ಸಣ್ಣ ಚಕ್ರ ಇರುತ್ತೆ, 0, 1, 2, 3 ಅಂತ ಬರ್ದಿರುತ್ತೆ. ನಾನು ಆರು ವರ್ಷದಿಂದ ಆ ಕಾರು ಓಡಿಸ್ತಾ ಇದೀನಿ, ಅದನ್ನ ಮುಟ್ಟಿರ್ಲಿಲ್ಲ, ನಂಬರ್ ಜಾಸ್ತಿ ಮಾಡಿದ್ರೆ ಲೈಟು ಜಾಸ್ತಿ ಆಗುತ್ತೆ ಅಂತ ಎಲ್ಲೋ ತಲೇಲಿತ್ತು. ಉಲ್ಟಾ, ನಂಬರ್ ಏರಿದಷ್ಟೂ ಲೈಟು ಕೆಳಗೆ ಇಳಿಯುತ್ತೆ. ಡ್ರೈವರ್ ಒಬ್ನೇ ಇದ್ರೆ 0, ಜನ ಮತ್ತು ಲಗೇಜ್ ಹೆಚ್ಚಾದಂಗೆ 1, 2, 3. ಯಾವ ಲೋಡಿಗೆ ಯಾವ ನಂಬರ್ ಅಂತ ಗಾಡಿ ಜೊತೆ ಕೊಡೋ ಪುಸ್ತಕದಲ್ಲಿ ಟೇಬಲ್ಲೇ ಹಾಕಿರ್ತಾರೆ, ಆ ಪುಸ್ತಕ ನಮ್ದು ಅವತ್ತಿಗೂ ಪ್ಲಾಸ್ಟಿಕ್ ಕವರೊಳಗೇ ಇತ್ತು.

ಇನ್ನು ಕಣ್ಣಿನ ಕಡೆ ಬರೋಣ, ಯಾಕಂದ್ರೆ ಅರ್ಧ ಕಥೆ ನಡಿಯೋದು ಅಲ್ಲಿ. ಹಳ್ಳಿ ಕಡೆ ಟೂರಿಂಗ್ ಟಾಕೀಸ್ ನೋಡಿದವ್ರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಮ್ಯಾಟಿನಿ ಷೋ ನಡೀತಿರೋವಾಗ ಯಾರಾದ್ರೂ ಡೇರೆ ಪರದೆ ಎತ್ತಿದ್ರೆ ಹೊರಗಿನ ಬಿಸಿಲು ಒಳಗೆ ಬಂದು ಪರದೆ ಮೇಲಿನ ಚಿತ್ರ ಎಲ್ಲ ಬಿಳಿಚಿಕೊಳ್ಳೋದು, ಅಲ್ವಾ? ಪ್ರೊಜೆಕ್ಟರ್ ಬೆಳಕು ಅಷ್ಟೇ ಇದೆ, ಚಿತ್ರಾನೂ ಅಲ್ಲೇ ಇದೆ, ಆದ್ರೆ ಅದರ ಮೇಲೆ ಒಂದು ಬಿಳಿ ಮುಸುಕು ಬಿದ್ದಿದೆ, ಮೊದಲು ಮಾಯ ಆಗೋದು ಕಪ್ಪು ಕಪ್ಪಾಗಿರೋ ದೃಶ್ಯಗಳು. ಕಣ್ಣೊಳಗೂ ಹಿಂಗೇ. ಕಣ್ಣಿನ ಪಾರದರ್ಶಕ ಭಾಗಗಳು, ಅದ್ರಲ್ಲೂ ಲೆನ್ಸು, ನೂರಕ್ಕೆ ನೂರು ಸ್ವಚ್ಛ ಗಾಜಲ್ಲ, ಒಳಗೆ ಬಂದ ಬೆಳಕಲ್ಲಿ ಸ್ವಲ್ಪ ಭಾಗ ಅಲ್ಲೇ ಚದುರಿ ರೆಟಿನಾ, ಅಂದ್ರೆ ಚಿತ್ರ ಮೂಡೋ ಕಣ್ಣಿನ ಹಿಂಬದಿಯ ಪರದೆ ತುಂಬಾ ಹರಡುತ್ತೆ. ಹಗಲು ಇದು ಗೊತ್ತಾಗಲ್ಲ. ರಾತ್ರಿ ರಸ್ತೆ ಮೇಲಿನ ಚಿತ್ರಾನೇ ಮಂಕು, ಅದರ ಮೇಲೆ ಈ ಮುಸುಕು ಬಿದ್ರೆ ಮುಗೀತು. ಆಗ ಏನು ಮಾಯ ಆಗುತ್ತೆ ಅಂದ್ರೆ ಸ್ವಂತ ಲೈಟ್ ಇಲ್ದೇ ಇರೋದೆಲ್ಲ. ಕಪ್ಪು ಪ್ಯಾಂಟು ಹಾಕ್ಕೊಂಡು ರಸ್ತೆ ದಾಟ್ತಿರೋ ಮನುಷ್ಯ, ಎಮ್ಮೆ, ಬಣ್ಣ ಬಳೀದೇ ಇರೋ ಹಂಪು, ಹಿಂದೆ ಒಂದು ರಿಫ್ಲೆಕ್ಟರೂ ಇಲ್ದೆ ನಿಂತಿರೋ ಕಬ್ಬಿನ ಟ್ರ್ಯಾಕ್ಟರ್. ಎದುರಿನ ಕಾರು ಮಾತ್ರ ಚೆನ್ನಾಗೇ ಕಾಣ್ತಿರುತ್ತೆ, ಹಂಗಾಗಿ ನಂಗೆ ಎಲ್ಲ ಕಾಣ್ತಿದೆ ಅನ್ನೋ ಭ್ರಮೆ ಬೇರೆ. ಕ್ರಷಿಂಗ್ ಸೀಸನ್ನಲ್ಲಿ ಮಂಡ್ಯ ಕಡೆ, ಬೆಳಗಾವಿ ಕಡೆ ರಾತ್ರಿ ಓಡ್ಸಿದವ್ರಿಗೆ ನಾನು ಏನು ಹೇಳ್ತಿದೀನಿ ಅಂತ ಬಿಡಿಸಿ ಹೇಳ್ಬೇಕಿಲ್ಲ.

ಇದಕ್ಕೆ ವಿಜ್ಞಾನಿಗಳು ಒಂದು ಸೂತ್ರ ಕಂಡ್ಕೊಂಡಿದಾರೆ, ಸ್ಟೈಲ್ಸ್ ಮತ್ತು ಹಾಲಡೇ ಅನ್ನೋರ ಹೆಸರಲ್ಲಿದೆ. ಸರಳವಾಗಿ ಹೇಳೋದಾದ್ರೆ, ಕಣ್ಣಿಗೆ ಬೀಳೋ ಬೆಳಕು ಹೆಚ್ಚಾದಷ್ಟೂ ಮುಸುಕು ಹೆಚ್ಚು, ಮತ್ತೆ ನೀವು ನೋಡ್ತಿರೋ ದಿಕ್ಕಿಗೂ ಆ ಲೈಟಿಗೂ ನಡುವಿನ ಕೋನ ಎಷ್ಟಿದೆಯೋ ಅದರ ವರ್ಗದಷ್ಟು ಮುಸುಕು ಕಮ್ಮಿ. ಕೋನ ಎರಡರಷ್ಟಾದ್ರೆ ಮುಸುಕು ಕಾಲು ಭಾಗಕ್ಕೆ ಇಳಿಯುತ್ತೆ. ಈ ಒಂದು ಸಾಲಲ್ಲಿ ರಾತ್ರಿ ಡ್ರೈವಿಂಗ್‌ನ ಎಷ್ಟೋ ವಿಷ್ಯ ಅಡಗಿದೆ. ಉದಾಹರಣೆಗೆ ಡಿವೈಡರ್ ಇಲ್ದೇ ಇರೋ ಎರಡು ಲೇನ್ ರಸ್ತೇಲಿ 50 ಮೀಟರ್ ಮುಂದೆ ಬರ್ತಿರೋ ಕಾರು ನಿಮ್ಮಿಂದ ಅಡ್ಡಕ್ಕೆ ಮೂರೂವರೆ ಮೀಟರ್ ಆಚೆ ಇರುತ್ತೆ ಅನ್ಕೊಳ್ಳಿ, ಕೋನ 4 ಡಿಗ್ರಿ. ಆದ್ರೆ ಅಗಲವಾದ ಡಿವೈಡರ್ ಇರೋ ಹೈವೇಲಿ 10 ಮೀಟರ್ ಆಚೆ ಇದ್ರೆ ಕೋನ 11 ಡಿಗ್ರಿ. ಕೋನ ಮೂರರಷ್ಟೂ ಆಗ್ಲಿಲ್ಲ, ಮುಸುಕು ಮಾತ್ರ ಎಂಟರಲ್ಲಿ ಒಂದು ಭಾಗಕ್ಕೆ ಇಳೀತು. ಅದಕ್ಕೇ ನೆಲಮಂಗಲದಿಂದ ಚನ್ನರಾಯಪಟ್ಟಣದವರೆಗೆ ಆರಾಮಾಗಿ ಬಂದವನು ಹೈವೇ ಬಿಟ್ಟು ಊರಿನ ರಸ್ತೆಗೆ ತಿರುಗಿದ ತಕ್ಷಣ ಕಣ್ಣು ಕಿರಿದು ಮಾಡ್ಕೊಂಡು ಓಡ್ಸೋದು.

ಹಳೇ ಡ್ರೈವರ್‌ಗಳು ಹೇಳ್ಕೊಡ್ತಾರಲ್ಲ, ಎದುರಿನ ಲೈಟ್ ನೋಡ್ಬೇಡ, ಎಡಗಡೆ ಬಿಳಿ ಗೆರೆ ನೋಡ್ಕೊಂಡು ಹೋಗು ಅಂತ, ಅದೂ ಇದೇ ಸೂತ್ರ. ನೋಟ ನಾಲ್ಕು ಡಿಗ್ರಿ ಎಡಕ್ಕೆ ತಿರುಗ್ಸಿದ್ರೆ ಕೋನ ನಾಲ್ಕಿದ್ದಿದ್ದು ಎಂಟಾಯ್ತು, ಮುಸುಕು ಕಾಲು ಭಾಗ. ನಮ್ಮ ಮಾವ ಒಬ್ರು ಮೂವತ್ತು ವರ್ಷ ಬಸ್ ಓಡ್ಸಿದವ್ರು, ಅವ್ರಿಗೆ ಯಾವ ಸೂತ್ರಾನೂ ಗೊತ್ತಿರ್ಲಿಲ್ಲ, ಎಡಗಡೆ ಮಣ್ಣು ನೋಡು ಅಂತಿದ್ರು ಅಷ್ಟೇ. ಆಗೆಲ್ಲ ಬಿಳಿ ಗೆರೆ ಎಲ್ಲಿತ್ತು.

ಇನ್ನೊಂದು ಮಜಾ ಇದೆ ಇದ್ರಲ್ಲಿ. ದೂರ ಇದೆಯಲ್ಲ, ಹತ್ರ ಬಂದಾಗ ಡಿಮ್ ಮಾಡಿದ್ರಾಯ್ತು ಅಂತ ಎಷ್ಟೋ ಜನ ಅಪ್ಪರ್‌ನಲ್ಲೇ ಬರ್ತಿರ್ತಾರೆ. ದೂರ ಇದ್ದಾಗ ಕಣ್ಣಿಗೆ ಬೀಳೋ ಬೆಳಕು ಕಮ್ಮಿ, ದೂರದ ವರ್ಗದ ಲೆಕ್ಕದಲ್ಲಿ ಕಮ್ಮಿ ಆಗುತ್ತೆ, ಇದು ಸರಿ. ಆದ್ರೆ ದೂರ ಇದ್ದಾಗ ಕೋನಾನೂ ಸಣ್ಣದು, ಅದೂ ವರ್ಗದ ಲೆಕ್ಕದಲ್ಲೇ ಮುಸುಕನ್ನ ಹೆಚ್ಚು ಮಾಡುತ್ತೆ. ಒಂದು ಕಮ್ಮಿ ಮಾಡಿದ್ದನ್ನ ಇನ್ನೊಂದು ತುಂಬ್ಕೊಡುತ್ತೆ! ನೆಟ್ಟನೆ ರಸ್ತೇಲಿ ಎದುರಿನ ಅಪ್ಪರ್ ದೂರದಿಂದ ಹತ್ತಿರದವರೆಗೂ ಹೆಚ್ಚುಕಮ್ಮಿ ಒಂದೇ ಥರ ಕಾಡೋದು ಇದಕ್ಕೇ. ಸೋ ದೂರ ಇರೋವಾಗ್ಲೇ ಡಿಮ್ ಮಾಡ್ಬೇಕು ಅನ್ನೋದು ಬರೀ ಮರ್ಯಾದೆ ವಿಷ್ಯ ಅಲ್ಲ.

ಲೈಟು ಪಾಸಾದ ಮೇಲೂ ತೊಂದ್ರೆ ತಕ್ಷಣ ಮುಗಿಯಲ್ಲ. ಕತ್ತಲೆಗೆ ಹೊಂದ್ಕೊಂಡಿದ್ದ ಕಣ್ಣು ಆ ಬೆಳಕಿಗೆ ತನ್ನ ಸೂಕ್ಷ್ಮತೆ ಕಳ್ಕೊಂಡು ಮತ್ತೆ ಮೊದಲಿನ ಹಾಗಾಗೋಕೆ ಕೆಲವು ಸೆಕೆಂಡ್ ಬೇಕು. ಎರಡೇ ಸೆಕೆಂಡ್ ಅನ್ಕೊಳ್ಳಿ, ಗಂಟೆಗೆ 80 ಕಿಲೋಮೀಟರ್ ಸ್ಪೀಡಲ್ಲಿ ಎರಡು ಸೆಕೆಂಡಿಗೆ ಗಾಡಿ 44 ಮೀಟರ್ ಹೋಗಿರುತ್ತೆ, ಆ 44 ಮೀಟರ್ ನೀವು ಅಂದಾಜಲ್ಲೇ ಓಡ್ಸಿರ್ತೀರ. ಹಂಗೆ ನೋಡಿದ್ರೆ 80ರಲ್ಲಿ ಬ್ರೇಕ್ ಹೊಡೆದು ನಿಲ್ಸೋಕೆ, ಕಾಲು ಬ್ರೇಕಿಗೆ ಹೋಗೋ ಸಮಯಾನೂ ಸೇರ್ಸಿ, ಸುಮಾರು 75 ಮೀಟರ್ ಬೇಕು. ಡಿಮ್ ಲೈಟ್ ಗೆರೆ ನೆಲ ಮುಟ್ಟೋದು 65 ಮೀಟರಿಗೆ ಅಂತ ಆಗ್ಲೇ ನೋಡಿದ್ವಿ. ಅಂದ್ರೆ ಎದುರಿಗೆ ಯಾರೂ ಇಲ್ದಿದ್ರೂ ಡಿಮ್‌ನಲ್ಲಿ 80 ಹೋಗೋದು ಕಾಣೋದಕ್ಕಿಂತ ಮುಂದಕ್ಕೆ ಓಡ್ಸೋದು. ನಾನೂ ಓಡ್ಸಿದೀನಿ, ಎಲ್ರೂ ಓಡಿಸ್ತಾರೆ.

ವಯಸ್ಸಿನ ವಿಷ್ಯಾನೂ ಇದೆ. ಲೆನ್ಸು ವಯಸ್ಸಾದಂಗೆ ಮಬ್ಬಾಗ್ತಾ ಹೋಗುತ್ತೆ, ಒಂದು ಅಂದಾಜಿನ ಪ್ರಕಾರ 70 ವರ್ಷದವ್ರ ಕಣ್ಣೊಳಗೆ ಬೆಳಕು ಚದುರೋದು ಯುವಕರಿಗಿಂತ ಎರಡರಷ್ಟು. ಪೊರೆ ಶುರುವಾಗಿದ್ರೆ ಇನ್ನೂ ಜಾಸ್ತಿ. ನಮ್ಮಪ್ಪ ಆಪರೇಷನ್‌ಗೆ ಮುಂಚೆ ಎರಡು ವರ್ಷ, ಎದುರಿನ ಲೈಟ್ ಜೇಡರ ಬಲೆ ಥರ ಹರಡ್ಕೊಂಡು ಕಾಣುತ್ತೆ ಕಣೋ ಅಂತಿದ್ರು, ನಾವು ಈಗಿನ ಲೈಟೇ ಹಂಗೆ ಅಂತ ಸುಮ್ನಾಗಿದ್ವಿ. ರಾತ್ರಿ ಲೈಟು ಹಿಂಗೆ ಬಲೆ, ಉಂಗುರ, ನಕ್ಷತ್ರ ಥರ ಕಾಣ್ತಿದೆ ಅಂದ್ರೆ ಮೊದಲು ಕಣ್ಣಿನ ಡಾಕ್ಟರ್ ಹತ್ರ ಹೋಗೋದು ಒಳ್ಳೇದು, ಅಸ್ಟಿಗ್ಮ್ಯಾಟಿಸಂ, ಅಂದ್ರೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ದಿರೋ ತೊಂದ್ರೆ ಇದ್ರೂ ಲೈಟು ಗೀಟು ಗೀಟಾಗಿ ಕಾಣುತ್ತೆ, ಸರಿಯಾದ ಕನ್ನಡಕ ಹಾಕಿದ್ರೆ ಬಹಳಷ್ಟು ಸರಿಹೋಗುತ್ತೆ.

ಈಗ ಎಲ್ರೂ ಕಾಯ್ತಿರೋ ವಿಲನ್, ಎಲ್‌ಇಡಿ. ಇದ್ರಲ್ಲಿ ಎರಡು ಜಾತಿ ಇದೆ, ಬೇರೆ ಬೇರೆ ಇಟ್ಟು ನೋಡ್ಬೇಕು. ಕಂಪನಿಯಿಂದ್ಲೇ ಎಲ್‌ಇಡಿ ಬಂದಿರೋ ಗಾಡೀಲಿ ಲೆನ್ಸು, ರಿಫ್ಲೆಕ್ಟರ್ ಎಲ್ಲ ಆ ಎಲ್‌ಇಡಿಗೇ ಅಂತ ಅಳತೆ ಮಾಡಿರ್ತಾರೆ, ಗೆರೆ ಚೂಪಾಗಿ ಬರುತ್ತೆ. ಅದು ಕಣ್ಣಿಗೆ ಚುಚ್ಚೋಕೆ ಕಾರಣ, ಅಷ್ಟೂ ಬೆಳಕು ಒಂದು ಪುಟ್ಟ ಕಿಂಡಿಯಿಂದ ಬರುತ್ತೆ, ಹಳೇ ಕಾರಿನ ತಟ್ಟೆಯಷ್ಟಗಲ ಹೆಡ್‌ಲೈಟಿಂದ ಬರ್ತಿದ್ದ ಬೆಳಕು ಈಗ ನಿಂಬೆಹಣ್ಣಿನಷ್ಟು ಜಾಗದಿಂದ ಬಂದ್ರೆ ಆ ಜಾಗ ಎಷ್ಟು ಪ್ರಖರ ಆಗಿರ್ಬೇಡ. ಜೊತೆಗೆ ಗೆರೆ ಚೂಪಾದಷ್ಟೂ ಗಾಡಿ ಹಂಪ್ ಹತ್ತಿದಾಗ, ಏರು ಹತ್ತಿದಾಗ ಗೆರೆ ನಮ್ಮ ಕಣ್ಣನ್ನ ದಾಟಿ ಹೋಗಿ ಫಕ್ ಅಂತ ಮಿಂಚಿದಂಗಾಗುತ್ತೆ, ಅಪ್ಪರ್ ಹೊಡೆದ ಅಂತ ನಾವು ಬೈತೀವಿ, ಪಾಪ ಅವನು ಏನೂ ಮಾಡಿರಲ್ಲ. ಮತ್ತೆ ಈಗ ಎಲ್ರಿಗೂ ಎಸ್‌ಯುವಿ ಬೇಕು, ಅದರ ಲೈಟಿನ ಎತ್ತರ ಸಣ್ಣ ಕಾರಿನ ಸೈಡ್ ಮಿರರ್ ಎತ್ತರಕ್ಕೆ ಹತ್ರ ಹತ್ರ ಬರುತ್ತೆ, ಹಿಂದಿಂದ ಬರೋನ ಗೆರೆ ಒಂಚೂರು ಮೇಲಿದ್ರೂ ಮಿರರ್ ತುಂಬಾ ಸೂರ್ಯ.

ಎರಡನೇ ಜಾತಿ ನಿಜವಾದ ತಲೆನೋವು: ಹ್ಯಾಲೊಜೆನ್‌ಗೆ ಅಂತ ಮಾಡಿರೋ ಹೆಡ್‌ಲೈಟೊಳಗೆ ಹೊರಗಿಂದ ತಂದು ಚುಚ್ಚೋ ಎಲ್‌ಇಡಿ ಬಲ್ಬು. ರಿಫ್ಲೆಕ್ಟರ್ ಅನ್ನೋದು ಕನ್ನಡಿ, ಆ ಕನ್ನಡಿಯ ಆಕಾರ ಲೆಕ್ಕ ಹಾಕಿರೋದು ಸುಮಾರು ಐದು ಮಿಲಿಮೀಟರ್ ಉದ್ದದ ಒಂದು ಸಣ್ಣ ಫಿಲಮೆಂಟ್ ಇಂಥಾ ಜಾಗದಲ್ಲೇ ಇರುತ್ತೆ ಅಂತ. ಕನ್ನಡಿಯಿಂದ ಆ ಜಾಗಕ್ಕೆ 25 ಮಿಲಿಮೀಟರ್ ಇದ್ಯಪ್ಪಾ ಅಂತ ಇಟ್ಕೊಳ್ಳೋಣ. ಬೆಳಕಿನ ಮೂಲ ಒಂದೇ ಒಂದು ಮಿಲಿಮೀಟರ್ ಆಕಡೆ ಈಕಡೆ ಆದ್ರೆ ಹೊರಗೆ ಬರೋ ಬೆಳಕು 2 ಡಿಗ್ರಿಗಿಂತ ಹೆಚ್ಚು ತಿರುಗುತ್ತೆ. ನಮ್ ಬೇಲಿ ಎಷ್ಟಿತ್ತು? ಅರ್ಧ ಡಿಗ್ರಿ ಚಿಲ್ಲರೆ. ಫಿಲಮೆಂಟು ಸುತ್ತ ಎಲ್ಲ ಕಡೆ ಬೆಳಕು ಕೊಡುತ್ತೆ, ಎಲ್‌ಇಡಿ ಬಲ್ಬಲ್ಲಿ ಬೆಳಕು ಕೊಡೋ ಚಿಪ್‌ಗಳು ಒಂದು ಪಟ್ಟಿಯ ಎರಡು ಕಡೆ ಅಂಟ್ಕೊಂಡಿರುತ್ತೆ, ಆ ಪಟ್ಟಿಯ ದಪ್ಪ, ಚಿಪ್‌ನ ಅಗಲ ಎಲ್ಲ ಸೇರಿದ್ರೆ ಒಂದು ಮಿಲಿಮೀಟರ್ ತಪ್ಪೋದು ದೊಡ್ಡ ವಿಷ್ಯಾನೇ ಅಲ್ಲ. ಗೆರೆ ಕದಡಿ ಹೋಗುತ್ತೆ, ಬೆಳಕು ಮೇಲೂ ಚೆಲ್ಲುತ್ತೆ, ಅದನ್ನ ಎಷ್ಟು ಅಡ್ಜಸ್ಟ್ ಮಾಡಿದ್ರೂ ಸರಿಹೋಗಲ್ಲ, ಯಾಕಂದ್ರೆ ಗೆರೇನೇ ಇಲ್ವಲ್ಲ ಅಡ್ಜಸ್ಟ್ ಮಾಡೋಕೆ.

ಆದ್ರೆ ಹಾಕ್ಸಿದವನಿಗೆ ಸಖತ್ ಖುಷಿ ಆಗುತ್ತೆ, ಅದೇ ಮೋಸ. ಗಾಡಿ ಮುಂದೆ ಹತ್ತು ಹದಿನೈದು ಮೀಟರ್ ಹಾಲು ಚೆಲ್ದಂಗೆ ಬೆಳಕು. ಆದ್ರೆ ಹತ್ರದ ರಸ್ತೆ ಅಷ್ಟು ಬೆಳ್ಳಗಾದ್ರೆ ಕಣ್ಣು ಅದಕ್ಕೇ ಹೊಂದ್ಕೊಂಡು ದೂರದ ಮಂಕು ಜಾಗ ಇನ್ನೂ ಕಪ್ಪಾಗಿ ಕಾಣುತ್ತೆ, ಬೆಳಕು ಜಾಸ್ತಿಯಾಗಿ ದೂರದ ನೋಟ ಕಮ್ಮಿಯಾಯ್ತು. ನಾನು ಒಂದು ಅಂಗಡೀಲಿ ವಿಚಾರಿಸ್ದಾಗ ಅಂಗಡಿಯವನು "ಸಾರ್, ಇದು ಹಾಕಿದ್ರೆ ಎದ್ರಿಗ್ ಬರೋರು ತಾವಾಗೇ ಸೈಡಿಗೆ ಹೋಗ್ತಾರೆ" ಅಂತ ಅದನ್ನೇ ದೊಡ್ಡ ಗುಣ ಅನ್ನೋ ಹಾಗೆ ಹೇಳ್ದ. ಹೋಗ್ತಾರೆ ಹೌದು, ಕಾಣ್ದೇ ಮೋರಿಗೆ ಹೋಗ್ತಾರೆ.

ಬಣ್ಣದ ಬಗ್ಗೆ ಬೇಜಾನ್ ಗೊಂದಲ ಇದೆ. ಗ್ಲೇರ್, ಅಂದ್ರೆ ಈ ಕಣ್ಣು ಕುಕ್ಕೋದ್ರಲ್ಲಿ ಎರಡು ಥರ, ಒಂದು ಕಿರಿಕಿರಿ, ಇನ್ನೊಂದು ನಿಜವಾಗ್ಲೂ ಕಾಣ್ದೇ ಹೋಗೋದು, ಆಗ್ಲೇ ಹೇಳಿದ ಮುಸುಕು. ನೀಲಿ ಛಾಯೆಯ ಬಿಳಿ ಬೆಳಕು ಅಷ್ಟೇ ಅಳತೆಯ ಹಳದಿ ಬೆಳಕಿಗಿಂತ ಹೆಚ್ಚು ಕಿರಿಕಿರಿ ಮಾಡುತ್ತೆ, ಇದು ನಿಜ, ಹ್ಯಾಲೊಜೆನ್ ಸುಮಾರು 3200 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ನಂಬರ್ ಏರಿದಷ್ಟೂ ನೀಲಿ ಕಡೆ) ಇದ್ರೆ ಎಲ್‌ಇಡಿಗಳು 6000 ಆಸುಪಾಸು ಇರ್ತವೆ. ಆದ್ರೆ ಮುಸುಕಿನ ವಿಷ್ಯಕ್ಕೆ ಬಂದ್ರೆ ಬಣ್ಣಕ್ಕಿಂತ ಕಣ್ಣಿಗೆ ಎಷ್ಟು ಬೆಳಕು ಬಿತ್ತು ಅನ್ನೋದೇ ಮುಖ್ಯ. ಫ್ರಾನ್ಸ್‌ನವ್ರು 1930ರ ದಶಕದಿಂದ 1993ರ ತನಕ ಕಾರಿಗೆಲ್ಲ ಹಳದಿ ಹೆಡ್‌ಲೈಟೇ ಇರ್ಬೇಕು ಅಂತ ಕಾನೂನು ಮಾಡಿ ಇಟ್ಕೊಂಡಿದ್ರು, ಕೊನೆಗೆ ಯುರೋಪಿನ ಎಲ್ರ ಜೊತೆ ಬಿಳಿಗೇ ಬಂದ್ರು. ಇದೇ ಕಾರಣಕ್ಕೆ ಆನ್‌ಲೈನಲ್ಲಿ ಮಾರೋ ಆ ಹಳದಿ ನೈಟ್ ವಿಷನ್ ಕನ್ನಡಕ ತಗೋಬೇಡಿ ದಯವಿಟ್ಟು. 2019ರಲ್ಲಿ ಜಾಮಾ ಆಫ್ತಾಲ್ಮಾಲಜಿ ಅನ್ನೋ ಕಣ್ಣಿನ ವೈದ್ಯಕೀಯ ಪತ್ರಿಕೇಲಿ ಬಂದ ಅಧ್ಯಯನದಲ್ಲಿ ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಕೂರ್ಸಿ ನೋಡಿದಾಗ, ಎದುರಿನ ಲೈಟು ಹೊಡೀತಿರೋವಾಗ ರಸ್ತೆಲಿ ನಡಿಯೋರನ್ನ ಗುರುತಿಸೋಕೆ ಹಳದಿ ಕನ್ನಡಕದಿಂದ ಯಾವ ಸಹಾಯಾನೂ ಆಗ್ಲಿಲ್ಲ. ಆಗೋದಾದ್ರೂ ಹೆಂಗೆ, ಅದು ಎದುರಿನ ಲೈಟನ್ನೂ ಕಮ್ಮಿ ಮಾಡುತ್ತೆ, ಮಂಕಾಗಿರೋ ಮನುಷ್ಯನನ್ನೂ ಇನ್ನೊಂಚೂರು ಮಂಕು ಮಾಡುತ್ತೆ. ಹಿತ ಅನ್ಸುತ್ತೆ, ಕಾಣಲ್ಲ.

ಕಾನೂನು ಇಲ್ವಾ ಅಂದ್ರೆ ಇದೆ, ಓದಿದ್ರೆ ಆಶ್ಚರ್ಯ ಆಗೋಷ್ಟು ಸ್ಪಷ್ಟವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಅಂತ ಇದೆ: ಮುಂದಿನ ಲೈಟಿಂದ 8 ಮೀಟರ್ ದೂರದಲ್ಲಿ, ಲೈಟಿನ ಬಲ ಅಂಚಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರೋ ಮನುಷ್ಯನಿಗೆ ಕಣ್ಣು ಕೋರೈಸದ ಹಾಗೆ ಬೆಳಕು ಕೆಳಮುಖವಾಗಿ ಇರ್ಬೇಕು. ಕಂಪನಿ ಕೊಟ್ಟಿದ್ದನ್ನ ಬದಲಾಯ್ಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ. ನಮ್ಮ ರಾಜ್ಯದಲ್ಲಿ 2024ರ ಜುಲೈನಿಂದ ಪೊಲೀಸ್ರು ಕಣ್ಣು ಕುಕ್ಕೋ ಎಲ್‌ಇಡಿ ಲೈಟುಗಳ ಮೇಲೆ ವಿಶೇಷ ಕಾರ್ಯಾಚರಣೆ ಮಾಡಿ 177ನೇ ಕಲಂ ಕೆಳಗೆ ಕೇಸು ಹಾಕಿದ್ರು, ಸ್ವಲ್ಪ ದಿನ ಎಲ್ಲ ಕಡೆ ಅದೇ ಮಾತು. ಆ ಕಲಂನಲ್ಲಿ ಕೇಂದ್ರದ ಕಾಯ್ದೆ ಹೇಳೋ ದಂಡ ಮೊದಲ ಸಲಕ್ಕೆ 500 ರೂಪಾಯಿವರೆಗೆ, ಮತ್ತೆ ಮಾಡಿದ್ರೆ 1500. ಬಲ್ಬಿನ ರೇಟೇ ಅದಕ್ಕಿಂತ ಜಾಸ್ತಿ ಇರುತ್ತೆ ಕೆಲವು ಸಲ. ಹಿಂದೆ ಹೆಡ್‌ಲೈಟಿಗೆ ಕಪ್ಪು ಬಣ್ಣ ಬಳಿಯೋ ಪದ್ಧತಿ ಇತ್ತು, ನೋಡಿರ್ತೀರ, ನೋಡೋಕೆ ಒಡ್ಡಾಗಿದ್ರೂ ಆ ಕಾಲದ ಗಾಜಿನ ಹೆಡ್‌ಲೈಟಿಗೆ ಏನೋ ಒಂದು ಮಟ್ಟಕ್ಕೆ ಪರಿಹಾರ. ಲಾರಿ ಹಿಂದೆ ಯೂಸ್ ಡಿಪ್ಪರ್ ಅಟ್ ನೈಟ್ ಅಂತ ಈಗ್ಲೂ ಬರ್ಸ್ತಾರೆ, ಯಾರೂ ಓದಲ್ಲ.

ರಸ್ತೆ ಮಾಡೋರ ಕಡೆಯಿಂದ್ಲೂ ಒಂದು ಉತ್ತರ ಇದೆ, ಅದು ನಮ್ ಕಣ್ಣೆದುರೇ ಇದ್ರೂ ನಮಗೆ ಗೊತ್ತಿರಲ್ಲ. ಹೈವೇ ಡಿವೈಡರಲ್ಲಿ ಸಾಲಾಗಿ ಕಣಗಿಲೆ, ಕಾಗದದ ಹೂವಿನ ಗಿಡ ಹಾಕಿರ್ತಾರಲ್ಲ, ನಾನು ಇಷ್ಟು ದಿನ ಚೆಂದಕ್ಕೆ ಅನ್ಕೊಂಡಿದ್ದೆ. ಚೆಂದಾನೂ ಹೌದು, ಆದ್ರೆ ಮುಖ್ಯ ಕೆಲಸ ಆಕಡೆಯಿಂದ ಬರೋ ಲೈಟು ತಡಿಯೋದು. ಕಣಗಿಲೆ ವಿಷದ ಗಿಡ, ದನ ಆಡು ಬಾಯಿ ಹಾಕಲ್ಲ, ನೀರು ಅಷ್ಟಾಗಿ ಕೇಳಲ್ಲ, ಹೊಗೆ ಧೂಳಿಗೂ ಜಗ್ಗಲ್ಲ, ಮೈ ತುಂಬಾ ಎಲೆ. ಗಿಡ ಬೆಳ್ಸೋಕೆ ಜಾಗ ಇಲ್ದಿದ್ ಕಡೆ ಹಸಿರು ಪ್ಲಾಸ್ಟಿಕ್ ಪಟ್ಟಿಗಳನ್ನ ಓರೆಯಾಗಿ ನಿಲ್ಸಿರ್ತಾರೆ, ಮುಂದೆ ನೋಡಿದ್ರೆ ಒಂದರ ಹಿಂದೆ ಒಂದು ಸೇರ್ಕೊಂಡು ಗೋಡೆ ಥರ ಕಾಣುತ್ತೆ, ಪಕ್ಕಕ್ಕೆ ನೋಡಿದ್ರೆ ಸಂದೀಲಿ ಆಕಡೆ ಕಾಣುತ್ತೆ. ಬೆಳಕು ಬರೋದು ಸಣ್ಣ ಕೋನದಲ್ಲಿ ತಾನೇ, ಅಷ್ಟೇ ಸಾಕು. ಒಣಗಿ ಹೋದ ಗಿಡದ ಜಾಗ ಬಂದಾಗ ಮಾತ್ರ ಕಿಟಕಿ ತೆಗ್ದಂಗೆ ಫಳ್ ಅಂತ ಹೊಡಿಯುತ್ತೆ, ಮುಂದಿನ ಸಲ ಗಮನಿಸಿ.

ಟೆಕ್ನಾಲಜಿ ಕಡೆ ಈಗಿನ ದೊಡ್ಡ ಮಾತು ಮ್ಯಾಟ್ರಿಕ್ಸ್ ಲೈಟು. ಗಾಜಿನ ಹಿಂದೆ ಕ್ಯಾಮೆರಾ ಇರುತ್ತೆ, ಹೆಡ್‌ಲೈಟೊಳಗೆ ಬೇರೆ ಬೇರೆಯಾಗಿ ಆನ್ ಆಫ್ ಆಗೋ ಹತ್ತಾರು ಎಲ್‌ಇಡಿ ಇರುತ್ತೆ, ಎದುರಿನ ಗಾಡಿ ಎಲ್ಲಿದೆಯೋ ಅಷ್ಟು ಭಾಗ ಮಾತ್ರ ಕತ್ತಲೆ ಮಾಡಿ ಉಳಿದ ಕಡೆ ಅಪ್ಪರ್ ಇಟ್ಕೊಂಡೇ ಹೋಗುತ್ತೆ. ಯುರೋಪಲ್ಲಿ 2013ರ ಸುಮಾರಿಂದ್ಲೇ ದುಬಾರಿ ಕಾರಲ್ಲಿ ಇದೆ, ಅಮೆರಿಕದಲ್ಲಿ ನಿಯಮ ತಿದ್ದಿ ಒಪ್ಪಿಗೆ ಕೊಟ್ಟಿದ್ದು 2022ರಲ್ಲಿ. ನಮ್ ರಸ್ತೆಗೆ ಎಷ್ಟು ಒಗ್ಗುತ್ತೋ ನಂಗೆ ಅನುಮಾನ, ಯಾಕಂದ್ರೆ ಆ ಕ್ಯಾಮೆರಾ ಮುಖ್ಯವಾಗಿ ಹುಡ್ಕೋದು ಎದುರಿನ ಹೆಡ್‌ಲೈಟು, ಮುಂದಿನ ಟೇಲ್‌ಲೈಟು. ಲೈಟೇ ಇಲ್ದೆ ಬರೋ ಸೈಕಲ್ ಸವಾರನಿಗೂ ಕಣ್ಣಿದೆ ಅನ್ನೋದು ಅದಕ್ಕೆ ಹೆಂಗೆ ಗೊತ್ತಾಗ್ಬೇಕು.

ಅಲ್ಲಿಯವರೆಗೆ ನಾವು ಮಾಡ್ಬಹುದಾದ್ದು ಎಲ್ಲ ಹೆಚ್ಚು ಖರ್ಚಿಲ್ಲದ ಕೆಲಸಗಳು. ಮುಂದಿನ ಗಾಜು ಒಳಗಡೆಯಿಂದ ಒರೆಸಿ, ಹೊರಗಡೆ ಎಲ್ರೂ ಒರೆಸ್ತಾರೆ, ಒಳಗೆ ಎಣ್ಣೆ ಥರ ಒಂದು ಪದರ ಕೂತಿರುತ್ತೆ, ಬೆಳಕು ಬಿದ್ರೆ ಗಾಜೇ ಮುಸುಕು. ಹೆಲ್ಮೆಟ್ ವೈಸರ್ ಗೀರು ಬಿದ್ದಿದ್ರೆ ಬದಲಾಯ್ಸಿ. ಒಳಗಿನ ಮಿರರ್ ಕೆಳಗೆ ಒಂದು ಸಣ್ಣ ಕಡ್ಡಿ ಇರುತ್ತೆ, ಅದನ್ನ ಎಳೆದ್ರೆ ಹಿಂದಿನ ಲೈಟು ಮಂಕಾಗುತ್ತೆ, ಆ ಗಾಜು ಬೆಣೆ ಆಕಾರ ಇರೋದ್ರಿಂದ ಹಿಂದಿನ ಬೆಳ್ಳಿ ಪದರದ ಬದಲು ಬರೀ ಗಾಜಿನ ಮೇಲ್ಮೈಯಿಂದ ಬರೋ ಶೇಕಡಾ 4ರಷ್ಟು ಬೆಳಕು ಮಾತ್ರ ನಿಮ್ಮ ಕಣ್ಣಿಗೆ ಬರುತ್ತೆ. ಹೆಡ್‌ಲೈಟ್ ಕವರ್ ಹಳದಿಗಟ್ಟಿದ್ರೆ ಪಾಲಿಶ್ ಮಾಡ್ಸಿ, ಅದು ನಿಮ್ಮ ಬೆಳಕು ಕಮ್ಮಿ ಮಾಡೋದಲ್ದೆ ಗೆರೆ ಮೇಲಕ್ಕೂ ಚದುರಿಸುತ್ತೆ. ಚಾರ್ಮಾಡಿ ಶಿರಾಡಿ ಕಡೆ ಮಂಜು ಸಿಕ್ಕಿದ್ರೆ ಅಪ್ಪರ್ ಹಾಕ್ಬೇಡಿ, ಮಂಜಿನ ಹನಿಗಳಿಗೆ ಬಡಿದು ನಿಮ್ ಬೆಳಕೇ ನಿಮ್ ಕಣ್ಣಿಗೆ ವಾಪಸ್ ಬರುತ್ತೆ. ಅಪ್ಪರ್‌ಗೆ ಅಪ್ಪರ್ ಹಾಕಿ ಸೇಡು ತೀರ್ಸ್ಕೊಳ್ಳೋದನ್ನ ಬಿಡಿ, ಇಬ್ರು ಕುರುಡ್ರು ಎದುರುಬದುರು ಬರೋದ್ರಲ್ಲಿ ಲಾಭ ಏನಿದೆ.

ಆಮೇಲೆ ಗೋಡೆ ಪರೀಕ್ಷೆ. ಸಂಕ್ರಾಂತಿಗೆ ಊರಿಗೆ ಹೋದಾಗ ಮಾಡಿದೆ. ಮನೆ ಮುಂದಿನ ಕಣದ ನೆಲ ಸಮತಟ್ಟಾಗಿದೆ, ಎದುರಿಗೆ ಕೊಟ್ಟಿಗೆ ಗೋಡೆ. ಕಾರು ಗೋಡೆಗೆ ತಾಗೋ ಹಾಗೆ ನಿಲ್ಸಿ ಎರಡೂ ಲೈಟಿನ ನಡುಮಟ್ಟಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ, ಅದರಿಂದ 10 ಸೆಂಟಿಮೀಟರ್ ಕೆಳಗೆ ಇನ್ನೊಂದು, ಆಮೇಲೆ ನೆಟ್ಟಗೆ 10 ಮೀಟರ್ ಹಿಂದಕ್ಕೆ ತಗೊಂಡೆ. ಕತ್ತಲಾದ್ಮೇಲೆ ನಾನೊಬ್ನೇ ಕೂತು ಡಿಮ್ ಹಾಕಿದೆ, ಬೆಳಕಿನ ಅಂಚು ಕೆಳಗಿನ ಗೆರೆ ಮೇಲೆ ಕರಾರುವಾಕ್ಕಾಗಿ ಕೂತಿತ್ತು. ಸರಿ ಅಂತ ಡಿಕ್ಕಿಗೆ ಎರಡು ಮೂಟೆ ಅಕ್ಕಿ ಹಾಕಿ, ಹಿಂದಿನ ಸೀಟಿಗೆ ಅಮ್ಮ, ನನ್ ಹೆಂಡ್ತಿ, ತಮ್ಮ ಮೂರೂ ಜನರನ್ನ ಕೂರ್ಸಿದೆ. ಅಂಚು ಮೇಲಿನ ಗೆರೇನೂ ದಾಟಿ ಅದಕ್ಕಿಂತ ಒಂದು ಗೇಣು ಮೇಲೆ, ಹೆಂಚಿನ ಕಡೆ ಹೋಗಿ ನಿಂತಿತ್ತು. ಚಕ್ರ ತಿರುಗ್ಸಿ 3ಕ್ಕೆ ಇಟ್ಟೆ, ಗುಂಯ್ ಅಂತ ಮೋಟರ್ ಸದ್ದು ಬಂತು, ಬೆಳಕು ಜಾರ್ಕೊಂಡು ಕೆಳಗಿನ ಗೆರೆಗೆ ಎರಡು ಬೆರಳು ಮೇಲಿದೆ ಅನ್ನೋಷ್ಟಕ್ಕೆ ಬಂದು ನಿಂತಿತು. "ಇಷ್ಟಕ್ಕಾ ನಮ್ಮನ್ನೆಲ್ಲ ಕಾರ್ ಹತ್ಸಿದ್ದು" ಅಂತ ಅಮ್ಮ ಇಳಿದು ಹೋದ್ರು, ಬೆಳಗ್ಗೆ ಕೊಟ್ಟಿಗೆ ಗೋಡೆ ಮೇಲೆ ಯಾಕೆ ಗೀಚಿದೀಯ ಅಂತ ಕೇಳಿದ್ರು ಬೇರೆ. ಅಳಿಸ್ಬೇಡಿ ಅಂದಿದೀನಿ, ತಮ್ಮನ ಬೈಕಿದು ಇನ್ನೂ ನೋಡೋದಿದೆ.